ದನಿ ಹೇಗೆ ಕೇಳಿಸುತ್ತಿದೆ

ಕೆಳಗಿನ ಮನೆಯಾಕೆ ಆ ಮಾತು ಹೇಳಲೆಂದೇ ಕಾದು ನಿಂತಿದ್ದಳೋ, ಕಸದ ಬುಟ್ಟಿ ಹಿಡಿದು ಹೊರಗೆ ಬಂದವಳ ಬಾಯಿಗೆ ಅದು ತಾನಾಗಿ ಬಂತೋ, ದೇವರೇ ಬಲ್ಲ. ಡ್ಯೂಟಿಗೆಂದು ಮೆಟ್ಟಿಲಿಳಿಯುತ್ತಿದ್ದವಳನ್ನು ತಡೆದು ನಿಲ್ಲಿಸಿದಳು.

"ತಪ್ಪು ತಿಳ್ಕೋಬೇಡಿ ಅಕ್ಕ. ನೀವು ಹೋದ್ಮೇಲೆ ನಿಮ್ಮ ಮನೇಲಿ ಯಾರೋ ಹೆಂಗಸು ಮಾತಾಡೋದು ಕೇಳುತ್ತೆ."

"ರೇಡಿಯೋ ಕಣ್ರೀ. ನಮ್ಮನೆಯವರು ರಿಪೇರಿ ಮಾಡೋದೇ ಅದನ್ನಲ್ವಾ?"

"ರೇಡಿಯೋ ಅಂದ್ರೆ ನನಗೆ ಗೊತ್ತಾಗಲ್ವಾ? ಹಾಡಿಲ್ಲ, ವಾರ್ತೆ ಇಲ್ಲ. ಒಂದು ಮಾತು ಆಡ್ತಾಳೆ, ಸುಮ್ಮನಾಗ್ತಾಳೆ. ಮಧ್ಯೆ ಏನೋ ಗೊರಗೊರ ಅನ್ನುತ್ತೆ. ಮತ್ತೆ ಮಾತಾಡ್ತಾಳೆ. ತುಂಬಾ ತಾಳ್ಮೆ ಇರೋ ಹೆಂಗಸು ಅನ್ಸುತ್ತೆ." ಆಕೆ ಇನ್ನಷ್ಟು ಹತ್ತಿರ ಬಂದು, "ಪಾಪ, ಅವರಿಗೂ ಹೊತ್ತು ಹೋಗಬೇಕಲ್ಲ" ಎಂದು ಸೇರಿಸಿದಳು.

ತಲೆಗೆ ಹುಳ ಬಿಟ್ಟವಳು ಕಸ ಚೆಲ್ಲಿ ಒಳಗೆ ಹೋದಳು. ಹುಳ ಮಾತ್ರ ಇವಳ ಜೊತೆಯಲ್ಲೇ ವಿಮಾನ ನಿಲ್ದಾಣದ ಸ್ಟಾಫ್ ಬಸ್ಸು ಹತ್ತಿತು. ಕಿಟಕಿಯ ಪಕ್ಕ ಕೂತು ಆ ಹೆಂಗಸು ಯಾರಿರಬಹುದೆಂದು ಯೋಚಿಸಿದಳು. ಯಾರೂ ಹೊಳೆಯಲಿಲ್ಲ. ಗಂಟಲಿನ ಆಪರೇಷನ್ ಆಗಿ, ದನಿಪೆಟ್ಟಿಗೆಯನ್ನೇ ತೆಗೆದುಹಾಕಿದ ಮೇಲೆ ಗಂಡ ತನ್ನ ರೇಡಿಯೋ ರಿಪೇರಿ ಅಂಗಡಿಗೆ ಹೋಗುವುದನ್ನು ಬಿಟ್ಟಿದ್ದ. ಗಿರಾಕಿಗಳ ಜೊತೆ ಮಾತಾಡುವವರು ಯಾರು? ಸೆಟ್ಟುಗಳನ್ನು ಮನೆಗೇ ತರಿಸಿಕೊಂಡು, ಕೊರಳಿಗೆ ತೆಳ್ಳನೆಯ ಬಿಳಿ ಬಟ್ಟೆ ಕಟ್ಟಿಕೊಂಡು, ಊಟದ ಮೇಜಿನ ಅರ್ಧ ಭಾಗವನ್ನು ಬೆಸುಗೆ ಕಡ್ಡಿಗೂ ತಂತಿಗಳಿಗೂ ಬಿಟ್ಟುಕೊಟ್ಟು ಕೂತಿರುತ್ತಿದ್ದ. ಹೌದೆಂದರೆ ಸ್ಕ್ರೂಡ್ರೈವರಿನ ಹಿಡಿಯಿಂದ ಮೇಜಿಗೆ ಒಂದು ಬಡಿತ, ಇಲ್ಲವೆಂದರೆ ಎರಡು. ಬರೆದು ಹೇಳಿ ಎಂದು ಹಾಳೆ ಕೊಟ್ಟರೆ ಪಕ್ಕಕ್ಕೆ ಸರಿಸುತ್ತಿದ್ದ. ಮಾತು ಬೆಳ್ಳಿ ಮೌನ ಬಂಗಾರ ಎಂದ ಪುಣ್ಯಾತ್ಮ ಯಾರೋ, ಇಷ್ಟೊಂದು ಬಂಗಾರವಿದ್ದ ಮನೆಯಲ್ಲಿ ಒಂದು ದಿನವೂ ಇದ್ದು ನೋಡಿದವನಲ್ಲ. ಮೊದಮೊದಲು ಅವನೆದುರು ಮಾತಾಡಲು ಅವಳಿಗೇ ಸಂಕೋಚವಾಗುತ್ತಿತ್ತು, ಹಸಿದವನ ಎದುರು ಉಂಡಂತೆ. ಆಮೇಲೆ ಅದೇ ರೂಢಿಯಾಯಿತು. ದಿನವಿಡೀ ಆಕಾಶದ ಜೊತೆ ಮಾತಾಡಿ ಬಂದವಳು ಮನೆಯಲ್ಲಿ ತಲೆಯಾಡಿಸಿದರೆ ತಲೆಯಾಡಿಸಿ, ಬಡಿದರೆ ಬಡಿದು, ಮಲಗುತ್ತಿದ್ದಳು. ತಾಳ್ಮೆ ಇರುವ ಹೆಂಗಸು ಎಂಬ ಮಾತು ಅದಕ್ಕೇ ಎಲ್ಲೋ ಚುಚ್ಚಿತು. ಯಾವಳೋ ಬಂದು ತನ್ನ ಮನೆಯಲ್ಲಿ ಕೂತು ತನ್ನ ಗಂಡನ ಜೊತೆ ತಾಳ್ಮೆಯಿಂದ ಮಾತಾಡಿ ಹೋಗುವುದಾದರೆ, ಜಗಳವಾಡಲು ತನಗೆ ಯಾವ ಹಕ್ಕಿದೆ ಎಂದು ಕೇಳಿಕೊಂಡಳು. ಬಸ್ಸು ನಿಲ್ದಾಣದ ಗೇಟು ದಾಟಿತು.

ವಿಮಾನಗಳಿಗೆ ಇಳಿಯಲು ಏರಲು ಅಪ್ಪಣೆ ಕೊಡುವ ಟವರಿನ ತುದಿಯ ಗಾಜಿನ ಕೋಣೆ ಯಾವತ್ತಿನಂತೆ ಬೆಚ್ಚಗಿತ್ತು. ಅವಳಿಗೂ ಅಲ್ಲಿನ ಎಲ್ಲರಿಗೂ ಕೆಲಸ ಕಲಿಸಿದ್ದರಿಂದ ಮೇಷ್ಟ್ರು ಎಂದೇ ಹೆಸರಾದ ಶಿಫ್ಟಿನ ಮುಖ್ಯಸ್ಥರು ಕಾಫಿಯ ಲೋಟ ಹಿಡಿದು ಕೆಳಗೆ ಕಂಬದ ತುದಿಯಲ್ಲಿ ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲವನ್ನು ನೋಡುತ್ತಿದ್ದರು. ಕೆಲಸಕ್ಕೆ ಸೇರಿದ ದಿನ ಅವರು ಹೇಳಿಕೊಟ್ಟಿದ್ದು ಒಂದೇ ಪಾಠ. "ಮೈಕಿನ ಗುಂಡಿ ಒತ್ತಿದಾಗ ನೀನು ಮಾತಾಡಬಹುದು ತಾಯಿ, ಕೇಳಿಸ್ಕೊಳ್ಳೋಕಾಗಲ್ಲ. ಕೇಳಿಸ್ಕೋಬೇಕು ಅಂದ್ರೆ ಬೆರಳು ಎತ್ತಬೇಕು. ಇಷ್ಟು ಬಂದ್ರೆ ಅರ್ಧ ಕೆಲಸ ಬಂದಂಗೆ." ಮಿಕ್ಕರ್ಧ ಕೆಲಸವೆಂದರೆ, ಕೇಳಿಸದಿದ್ದರೆ ಕೇಳಿಸಿತೆಂದು ನಟಿಸಬಾರದು. ಮತ್ತೊಮ್ಮೆ ಹೇಳಿ ಎನ್ನಬೇಕು. ದಿನಕ್ಕೆ ನೂರು ಸಲ ಅವಳು ಆ ಮಾತನ್ನು ಹೇಳುತ್ತಿದ್ದಳು, ನಾಚಿಕೆಯಿಲ್ಲದೆ, ದೊಡ್ಡ ದೊಡ್ಡ ಕ್ಯಾಪ್ಟನ್ನುಗಳಿಗೂ. ಹೊರಡುವ ಮೊದಲು ಪ್ರತಿಯೊಂದು ವಿಮಾನವೂ ತನ್ನ ದನಿ ಹೇಗೆ ಕೇಳಿಸುತ್ತಿದೆ ಎಂದು ವಿಚಾರಿಸುತ್ತದೆ. ಟವರು ಒಂದರಿಂದ ಐದರೊಳಗೆ ಅಂಕ ಕೊಡುತ್ತದೆ. ಒಂದೆಂದರೆ ಏನೂ ತಿಳಿಯುತ್ತಿಲ್ಲ, ಮೂರೆಂದರೆ ಕಷ್ಟಪಟ್ಟು ಕೇಳಿದರೆ ತಿಳಿಯುತ್ತದೆ, ಐದೆಂದರೆ ಪಕ್ಕದಲ್ಲೇ ಕೂತು ಹೇಳಿದ ಹಾಗಿದೆ. ಬೆಳಗಿನ ಮೊದಲ ವಿಮಾನದ ಪೈಲಟ್ಟಿಗೆ ಅವಳು ಕೊಡುತ್ತಿದ್ದದ್ದು ಯಾವಾಗಲೂ ಐದು. ಅವನ ಮುಖವನ್ನು ಅವಳು ನೋಡಿರಲಿಲ್ಲ, ಹೆಸರೂ ಗೊತ್ತಿರಲಿಲ್ಲ. ಅವನಿಗೆ ಇವಳು ಬರೀ ಟವರ್. ಆದರೆ ಐದು ಎಂದ ಮೇಲೆ, ಯಾವ ನಿಯಮದ ಪುಸ್ತಕದಲ್ಲೂ ಇಲ್ಲದ ಒಂದು ಮಾತನ್ನು ಅವನು ಸೇರಿಸುತ್ತಿದ್ದ.

"ಟವರ್, ಬೆಳಗಾಯ್ತಾ?"

"ಆಯ್ತು."

ಅಷ್ಟೇ. ಅಷ್ಟಕ್ಕಾಗಿ ಅವಳು ಬೆಳಗಿನ ಪಾಳಿಯನ್ನು ಕೇಳಿ ಪಡೆದಿದ್ದಳು. ಅದು ಪ್ರೀತಿಯೆಂದು ಯಾರಾದರೂ ಅಂದಿದ್ದರೆ ಅವಳು ಕೆನ್ನೆಗೆ ಬಾರಿಸುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಆ ಮನುಷ್ಯನಲ್ಲ. ಬೆಳಿಗ್ಗೆ ಎದ್ದವಳನ್ನು ಒಂದು ಗಂಡುದನಿ ಏನಾದರೂ ಕೇಳಬೇಕು, ಅವಳು ಅದಕ್ಕೆ ಉತ್ತರ ಕೊಡಬೇಕು. ಮನೆಯಲ್ಲಿ ಖಾಲಿ ಬಿದ್ದ ಆ ಜಾಗಕ್ಕೆ ಈ ದನಿ ಸರಿಯಾಗಿ ಕೂತುಕೊಳ್ಳುತ್ತಿತ್ತು. ಕೂತುಕೊಳ್ಳುತ್ತಿತ್ತು ಎಂಬುದೇ ಅವಳಿಗೆ ತಪ್ಪಾಗಿ ಕಾಣುತ್ತಿತ್ತು. ಇವತ್ತೂ ಅವನು ಕೇಳಿದ, ಇವಳು ಆಯ್ತು ಎಂದಳು, ವಿಮಾನ ಮೇಲೇರಿ ಚುಕ್ಕಿಯಾಯಿತು. ಟವರಿನಲ್ಲಿ ಆಡಿದ ಪ್ರತಿ ಮಾತೂ ಕೆಳಗಿನ ಕೋಣೆಯ ಟೇಪಿನಲ್ಲಿ ಸೇರಿಕೊಳ್ಳುತ್ತದೆ. ಅವಳ ಅಷ್ಟೂ ಬೆಳಗುಗಳು ಅಲ್ಲಿ ಸುರುಳಿ ಸುತ್ತಿಕೊಂಡು ಬಿದ್ದಿದ್ದವು. ಗಂಡನ ದನಿಯದು ಮಾತ್ರ ಒಂದು ತುಣುಕೂ ಎಲ್ಲೂ ಇಲ್ಲ. ಊರಿನವರ ಟೇಪ್ ರೆಕಾರ್ಡರುಗಳನ್ನೆಲ್ಲ ರಿಪೇರಿ ಮಾಡಿದವನು, ಹಲೋ ಹಲೋ ಎಂದು ಹೇಳಿ ಪರೀಕ್ಷಿಸಿ, ತಕ್ಷಣ ಅಳಿಸಿ ವಾಪಸ್ಸು ಕೊಡುತ್ತಿದ್ದ. ದೀಪದ ಬುಡದಲ್ಲೇ ಕತ್ತಲು. ಅವನು ಅವಳನ್ನು ಹೆಸರು ಹಿಡಿದು ಕರೆದವನೇ ಅಲ್ಲ. "ಇವಳೇ" ಎನ್ನುತ್ತಿದ್ದ, ಕೊನೆಯ ಅಕ್ಷರವನ್ನು ಅಡುಗೆಮನೆಯ ತನಕ ಎಳೆದು. ಇವಳೇ, ಉಪ್ಪೆಲ್ಲಿ? ಇವಳೇ, ಬಾ ಇಲ್ಲಿ, ಈ ಸೆಟ್ಟು ಬದುಕಿಕೊಂಡಿತು. ಆಗೆಲ್ಲ ಬಂದೆ ಇರಿ, ಕೈ ಬಿಡುವಿಲ್ಲ ಎಂದು ಸಿಡುಕುತ್ತಿದ್ದಳು. ಎಷ್ಟು ಬಾರಿ ಸಿಡುಕಿದ್ದೇನೆ ಎಂದು ಈಗ ಕೂತು ಎಣಿಸುತ್ತಿದ್ದಳು.

ಅವನ ಕೊನೆಯ ಮಾತು ಅವಳಿಗೆ ಕೇಳಿಸಿರಲಿಲ್ಲ. ಇದು ಯಾರಿಗೂ ಗೊತ್ತಿಲ್ಲದ ಸಂಗತಿ. ಆಸ್ಪತ್ರೆಯ ಉದ್ದನೆಯ ಓಣಿಯಲ್ಲಿ ಸ್ಟ್ರೆಚರನ್ನು ತಳ್ಳಿಕೊಂಡು ಹೋಗುವಾಗ ಅವನು ತಲೆಯೆತ್ತಿ ಏನೋ ಹೇಳಿದ. ಅದೇ ಗಳಿಗೆಗೆ ನರ್ಸು ಅವನ ಬಟ್ಟೆಗಳ ಚೀಲವನ್ನು ಇವಳ ಕೈಗಿಟ್ಟು, ಇಲ್ಲೇ ಕೂತಿರಿ, ಕರೆಯುತ್ತೇವೆ ಎಂದಳು. ಅವನು ಉತ್ತರಕ್ಕಾಗಿ ನೋಡುತ್ತಿದ್ದ. ಅವಳು ಸರಿ ಎಂಬಂತೆ ತಲೆಯಾಡಿಸಿದಳು. ಅವನಿಗೆ ಸಮಾಧಾನವಾದದ್ದು ಮುಖದಲ್ಲೇ ಕಂಡಿತು. ಬಾಗಿಲು ಮುಚ್ಚಿಕೊಂಡಿತು. ದಿನಕ್ಕೆ ನೂರು ಸಲ ಮತ್ತೊಮ್ಮೆ ಹೇಳಿ ಎನ್ನುವವಳು ಆ ಒಂದು ಸಲ ಅನ್ನಲಿಲ್ಲ. ಆಮೇಲೆ ಕೇಳಬಹುದಾಗಿತ್ತು, ಆದರೆ ಕೇಳಿದರೆ ಅವತ್ತು ತಲೆಯಾಡಿಸಿದ್ದು ಸುಳ್ಳೆಂದು ಒಪ್ಪಿಕೊಂಡಂತೆ. ಒಬ್ಬ ಮನುಷ್ಯ ತನ್ನ ದನಿಯಿಂದ ಆಡಿದ ಕೊನೆಯ ಮಾತನ್ನು ನಿನ್ನ ಹೆಂಡತಿ ಕೇಳಿಸಿಕೊಳ್ಳಲಿಲ್ಲ ಎಂದು ಅವನಿಗೆ ಯಾವ ಬಾಯಿಂದ ಹೇಳುವುದು? ಹಾಗಾಗಿ ಆ ಖಾಲಿ ಜಾಗದಲ್ಲಿ ಅವಳೇ ಒಂದೊಂದು ದಿನ ಒಂದೊಂದು ಮಾತನ್ನು ತುಂಬಿಕೊಳ್ಳುತ್ತಿದ್ದಳು. ನೀನಿದ್ದೀಯಲ್ಲ, ಸಾಕು, ಎಂದಿರಬಹುದು. ಹೆದರಬೇಡ ಕಣೇ ಎಂದಿರಬಹುದು. ಅವನು ಇನ್ನೂ ಆಸ್ಪತ್ರೆಯಲ್ಲಿದ್ದಾಗಲೇ ಗಿರಾಕಿಯೊಬ್ಬ ತನ್ನ ಸೆಟ್ಟು ಬೇಕೆಂದು ಜೀವ ತಿಂದ. ಅಂಗಡಿಯ ಬೀಗದ ಕೈ ಮನೆಯೆಲ್ಲ ಹುಡುಕಿದರೂ ಸಿಗದೆ ಅವಳು ಬೀಗವನ್ನೇ ಒಡೆಸಿದಳು. ಮನೆಗೆ ಬಂದ ಮೇಲೆ ಹೊಸ ಬೀಗದ ಕೈ ನೋಡಿ ಅವನು ಅವಳ ಮುಖವನ್ನು ತುಂಬ ಹೊತ್ತು ನೋಡಿದ್ದ. ಅದ್ಯಾಕೆಂದು ಅವಳಿಗೆ ಅರ್ಥವಾಗಿರಲಿಲ್ಲ. ಆಸ್ಪತ್ರೆಯ ಚೀಲ ಹಾಗೇ ಗಂಟು ಬಿಚ್ಚದೆ ಬೀರುವಿನ ಮೇಲಿತ್ತು. ಅದನ್ನು ಮುಟ್ಟಲು ಅವಳಿಗೆ ಮನಸ್ಸು ಬಂದಿರಲಿಲ್ಲ.

ಊಟದ ಹೊತ್ತಿಗೆ ಬೆಳಗಿನ ವಿಮಾನ ವಾಪಸ್ಸು ಬಂತು.

"ಟವರ್, ಮೂರು ಹಸಿರು ದೀಪ ಬರಬೇಕಿತ್ತು. ಎರಡೇ ಬಂದಿವೆ. ಮುಂದಿನ ಚಕ್ರದ್ದು ಹತ್ತಿಲ್ಲ."

ದನಿ ಬೆಳಗಿನಷ್ಟೇ ನಿಧಾನವಾಗಿತ್ತು. ಮೇಷ್ಟ್ರು ಕಾಫಿಯ ಲೋಟವನ್ನು ಕೆಳಗಿಟ್ಟರು. ದೀಪದ ಬಲ್ಬು ಸುಟ್ಟಿದ್ದರೂ ಹೀಗಾಗುತ್ತದೆ, ಚಕ್ರ ನಿಜವಾಗಿಯೂ ಇಳಿಯದಿದ್ದರೂ ಹೀಗಾಗುತ್ತದೆ. ಒಳಗೆ ಕೂತವರಿಗೆ ತಮ್ಮ ವಿಮಾನದ ಹೊಟ್ಟೆ ಕಾಣುವುದಿಲ್ಲ. ಆದ್ದರಿಂದ ಇಂಥ ಹೊತ್ತಿನಲ್ಲಿ ಮಾಡುವ ಕೆಲಸವೊಂದೇ. ವಿಮಾನ ನೆಲಕ್ಕೆ ಇಳಿದೇ ಬಿಡುತ್ತದೆಯೋ ಎನ್ನುವಷ್ಟು ತಗ್ಗಿನಲ್ಲಿ ಟವರಿನ ಮುಂದೆ ಹಾದುಹೋಗುತ್ತದೆ, ಟವರಿನವರು ದುರ್ಬೀನು ಹಿಡಿದು ನೋಡಿ ಹೇಳುತ್ತಾರೆ. ಹೇಳುವಾಗಲೂ ಚಕ್ರ ಇಳಿದಿದೆ ಎನ್ನಬಾರದು, ಇಳಿದಂತೆ ಕಾಣುತ್ತಿದೆ ಎನ್ನಬೇಕು. ಕಂಡದ್ದೇ ಬೇರೆ, ಇದ್ದದ್ದೇ ಬೇರೆ ಆಗಿರಬಹುದು. ಮೇಷ್ಟ್ರ ಕಣ್ಣಿಗೆ ಪೊರೆ ಬಂದಿತ್ತು. ಅವರು ದುರ್ಬೀನನ್ನು ಅವಳ ಕೈಗೆ ಕೊಟ್ಟು, ಬೆಂಕಿ ಆರಿಸುವ ಗಾಡಿಗಳನ್ನು ಹೊರಡಿಸಲು ಫೋನು ಹಿಡಿದರು.

ಅದು ಬಂತು. ಬಿಸಿಲಿನಲ್ಲಿ ಮೊದಲು ಮೂಗು, ಆಮೇಲೆ ಅಗಲವಾದ ರೆಕ್ಕೆಗಳು, ಗಾಜಿನ ಕೋಣೆಯೆಲ್ಲ ನಡುಗುವಂಥ ಸದ್ದು. ಎಷ್ಟೋ ತಿಂಗಳು ಕಿವಿಯಲ್ಲಿಟ್ಟುಕೊಂಡಿದ್ದ ದನಿ ಈಗ ಕಣ್ಣೆದುರು ಹಾಯುತ್ತಿತ್ತು. ಹಿಂದಿನ ಎರಡು ಕಾಲುಗಳು ನೆಟ್ಟಗಿದ್ದವು. ಮೂಗಿನ ಕೆಳಗೆ ಬಾಗಿಲು ಮಾತ್ರ ತುಸು ತೆರೆದುಕೊಂಡಿತ್ತು, ಒಳಗೆ ಕತ್ತಲು, ಚಕ್ರವಿರಲಿಲ್ಲ. ಸಣ್ಣ ಕಿಟಕಿಗಳಲ್ಲಿ ಮುಖಗಳಿದ್ದವು, ಒಂದು ಕಿಟಕಿಗೆ ಯಾರೋ ಅಂಗೈ ಒತ್ತಿ ಹಿಡಿದಿದ್ದರು. ಆ ಅಂಗೈ ಕಂಡದ್ದೇ ಅವಳಿಗೆ ಆಸ್ಪತ್ರೆಯ ಓಣಿ ಕಂಡಿತು, ತಲೆಯೆತ್ತಿ ಉತ್ತರಕ್ಕಾಗಿ ನೋಡುತ್ತಿದ್ದ ಮುಖ ಕಂಡಿತು, ಮುಚ್ಚಿಕೊಳ್ಳುತ್ತಿದ್ದ ಬಾಗಿಲು ಕಂಡಿತು. ವಿಮಾನ ಮೂಗನ್ನು ಮೇಲೆತ್ತಿ ಏರತೊಡಗಿತು.

"ಹೋಗಬೇಡಿ" ಎಂದಳು. "ಹೋಗಬೇಡಿ."

ಮೇಷ್ಟ್ರು ಬಂದು ಅವಳ ಮಣಿಕಟ್ಟನ್ನು ಮೆಲ್ಲಗೆ ತಟ್ಟಿದರು. "ಬೆರಳು ತೆಗಿ ತಾಯಿ." ಅವಳ ಹೆಬ್ಬೆರಳು ಗುಂಡಿಯ ಮೇಲಿತ್ತು. ಎಷ್ಟು ಹೊತ್ತಿನಿಂದ ಇತ್ತೋ! ಬೆರಳು ತೆಗೆದ ಕೂಡಲೇ ಒಟ್ಟಿಗೆ ಎರಡು ದನಿಗಳು ಒಳನುಗ್ಗಿದವು. "ಟವರ್, ಏನು ಕಂಡಿತು? ಮೂರನೇ ಸಲ ಕೇಳ್ತಿದ್ದೀನಿ, ಏನು ಕಂಡಿತು?" ಎಂದು ಪೈಲಟ್ಟು. "ಮೇಡಂ, ಹೋಗಬೇಡಿ ಅಂದ್ರಲ್ಲ, ನಿಂತ್ಕೊಂಡಿದ್ದೀವಿ. ಹೋಗೋದಾ ಬೇಡ್ವಾ?" ಎಂದು ಬೆಂಕಿ ಗಾಡಿಯ ಡ್ರೈವರು. ಕೆಂಪು ಗಾಡಿಗಳು ಮೂರೂ ಹುಲ್ಲಿನ ನಡುವೆ, ಮಾಸ್ತರರ ಬೈಗುಳ ತಿಂದ ಹುಡುಗರ ಹಾಗೆ ಸಾಲಾಗಿ ನಿಂತಿದ್ದವು. ಅವಳಿಗೆ ನೆಲ ಬಿರಿಯಬಾರದೇ ಅನ್ನಿಸಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅದರಲ್ಲೂ ಈ ಮಾತು ಟೇಪಿಗೆ ಹೋಗಿತ್ತು. ನಾಳೆ ವಿಚಾರಣೆಯಲ್ಲಿ ಕೋಟು ಹಾಕಿದವರು ಮೇಜಿನ ಸುತ್ತ ಕೂತು ಅದನ್ನು ತಿರುಗಿಸಿ ತಿರುಗಿಸಿ ಕೇಳುತ್ತಾರೆ. ಯಾರಿಗೆ ಹೇಳಿದಿರಿ ಎಂದು ಕೇಳುತ್ತಾರೆ. ಗುಂಡಿ ಒತ್ತಿ, ತನ್ನ ದನಿಯನ್ನು ಅವಳೇ ಹುಡುಕಿಕೊಂಡಳು. "ಗಾಡಿಗಳು ಮುಂದೆ ಹೋಗಲಿ" ಎಂದಳು. "ಹಿಂದಿನ ಎರಡೂ ಚಕ್ರ ಇಳಿದಂತೆ ಕಾಣುತ್ತಿವೆ. ಮುಂದಿನ ಚಕ್ರ ಕಾಣುತ್ತಿಲ್ಲ." ಬೆರಳೆತ್ತಿದಳು.

"ತಿಳೀತು" ಎಂದಿತು ಮೇಲಿನ ದನಿ. "ಇಂಧನ ಆದಷ್ಟು ಮುಗಿಯೋವರೆಗೂ ಸುತ್ತುತ್ತೀನಿ, ಬೆಂಕಿಯ ಭಯ ಕಡಿಮೆ ಆಗಲಿ. ಜನರನ್ನ ಹಿಂದಿನ ಸೀಟುಗಳಿಗೆ ಕಳಿಸ್ತಿದ್ದೀವಿ, ಮೂಗು ಹಗುರ ಆಗಲಿ."

ಸುತ್ತುವುದೆಂದರೆ ಕಾಯುವುದು. ಬೇರೆ ವಿಮಾನಗಳನ್ನೆಲ್ಲ ಬೇರೆ ಊರುಗಳಿಗೆ ಕಳಿಸಿದ ಮೇಲೆ ಗಾಜಿನ ಕೋಣೆ ಅವಳ ಮನೆಯಷ್ಟೇ ನಿಶ್ಶಬ್ದವಾಯಿತು. ವಿಮಾನ ಊರಿನ ಮೇಲೆ ದೊಡ್ಡ ದೊಡ್ಡ ಸುತ್ತು ಹಾಕುತ್ತಿತ್ತು. ಪ್ರತಿ ಸುತ್ತಿಗೂ ಅವಳ ಮನೆಯ ತಾರಸಿಯ ಮೇಲೇ ಹಾಯುತ್ತಿತ್ತು. ಗಂಡ ಈಗ ಮೇಲೆ ನೋಡುತ್ತಿರಬಹುದು. ಅಥವಾ ಆ ತಾಳ್ಮೆಯ ಹೆಂಗಸಿನ ಜೊತೆ ಕೂತಿರಬಹುದು. ಅವನ ಕಥೆಯೆಲ್ಲ ಆಕೆಗೆ ಗೊತ್ತಿರಬಹುದು. ಬಡಿತದಲ್ಲಿ ಕಥೆ ಹೇಳುವುದನ್ನು ಅವರಿಬ್ಬರೂ ಕಲಿತಿರಬಹುದು. ಅವಳಿಗೆ ಮನೆಗೆ ಹೋಗಬೇಕೆನ್ನಿಸಿತು, ಓಡಿಹೋಗಿ ಬಾಗಿಲು ದೂಡಿ, ನಾನೂ ಮಾತಾಡುತ್ತೇನೆ, ನನಗೂ ತಾಳ್ಮೆಯಿದೆ ಎನ್ನಬೇಕೆನ್ನಿಸಿತು. ಮದುವೆಯಾದ ಹೊಸತರಲ್ಲಿ ಕರೆಂಟು ಹೋದಾಗಲೆಲ್ಲ ಅವನು ಸುದ್ದಿ ಓದುವವರ ಹಾಗೆ ಗಂಟಲು ಬದಲಿಸಿ, ಈಗ ಮನೆವಾರ್ತೆ, ಸಾರು ಹಳಸಿದೆ ಎಂದು ತಿಳಿದುಬಂದಿದೆ, ಎನ್ನುತ್ತಿದ್ದ. ಅವಳು ನಕ್ಕು ನಕ್ಕು ಗೋಡೆಗೆ ಒರಗುತ್ತಿದ್ದಳು. ಆ ದನಿಯನ್ನು ಈಗ ನೆನಪಿನಲ್ಲಿ ಹುಡುಕಿದರೆ ಮಾತುಗಳು ಸಿಗುತ್ತಿದ್ದವು, ದನಿ ಸಿಗುತ್ತಿರಲಿಲ್ಲ; ಅದರ ಮೇಲೆ ಪೈಲಟ್ಟಿನ ದನಿ ಹತ್ತಿ ಕೂತಿತ್ತು. ಎರಡನೆಯ ಸಲ ಕಳೆದುಕೊಳ್ಳುವುದೆಂದರೆ ಇದೇ ಎಂದು ಅವಳಿಗೆ ಅರ್ಥವಾಯಿತು. ಡಾಕ್ಟರು ತೆಗೆದದ್ದು ಒಂದು ಸಲ, ದಿನಾ ಬೆಳಿಗ್ಗೆ ಆಯ್ತು ಆಯ್ತು ಎನ್ನುತ್ತ ತಾನೇ ಅಳಿಸಿದ್ದು ಇನ್ನೊಂದು ಸಲ.

"ಟವರ್, ಇದ್ದೀರಾ?" ಎಂದ ಪೈಲಟ್ಟು, ಕೆಲಸದ ಮಾತೇನೂ ಇಲ್ಲದೆ.

"ಇದ್ದೇನೆ."

"ಸುಮ್ಮನೆ ಕೇಳ್ದೆ."

ಅವನಿಗೂ ಭಯವಾಗಿದೆ ಎಂದು ಅವಳಿಗೆ ಆಗ ತಿಳಿಯಿತು. ಆಮೇಲೆ ಅವಳು ಗಾಳಿ ಬದಲಾಗದಿದ್ದರೂ ಆಗಾಗ ಗಾಳಿಯ ದಿಕ್ಕು, ವೇಗದ ಲೆಕ್ಕ ಹೇಳುತ್ತ ಬಂದಳು, ಕೆಳಗೆ ಯಾರೋ ಇದ್ದಾರೆ ಎಂದು ಅವನಿಗೆ ಅನ್ನಿಸಲಿ ಎಂದು. ಹೇಳುವುದು, ಬೆರಳೆತ್ತುವುದು, ಕಾಯುವುದು. ಮೇಷ್ಟ್ರು ಪಕ್ಕದಲ್ಲೇ ನಿಂತಿದ್ದರು.

ಕೊನೆಗೆ ಇಳಿದಾಗ ಅದು ಇಳಿದ ಹಾಗೆಯೇ ಇರಲಿಲ್ಲ, ಯಾರೋ ನಿದ್ದೆ ಹೋದ ಮಗುವನ್ನು ಎಚ್ಚರವಾಗದಂತೆ ಹಾಸಿಗೆಗೆ ಇಡುತ್ತಿದ್ದ ಹಾಗಿತ್ತು. ಹಿಂದಿನ ಚಕ್ರಗಳು ನೆಲ ಮುಟ್ಟಿ ಹೊಗೆಯೆಬ್ಬಿಸಿದವು. ಮೂಗು ಗಾಳಿಯಲ್ಲೇ ಉಳಿಯಿತು, ಉಳಿಯಿತು, ಇನ್ನೂ ಉಳಿಯಿತು, ಓಟ ನಿಧಾನವಾದಂತೆ ತಗ್ಗಿತು, ಆಮೇಲೆ ಸಿಮೆಂಟಿಗೆ ತಾಗಿ ಕಿಡಿಗಳ ಉದ್ದನೆಯ ಗೆರೆ ಎಳೆಯಿತು. ಕೆರೆತದ ಸದ್ದು ಗಾಜಿನೊಳಗೂ ಬಂತು. ನಿಂತಿತು. ಕೆಂಪು ಗಾಡಿಗಳು ಸುತ್ತುವರಿದು ನೊರೆ ಸುರಿದವು. ಬಾಗಿಲುಗಳಿಂದ ಜಾರುಬಂಡೆಗಳು ಉಬ್ಬಿದವು, ಜನ ಒಬ್ಬೊಬ್ಬರಾಗಿ ಜಾರಿ ಬಂದು, ಎದ್ದು, ಬರಿಗಾಲಲ್ಲಿ ಹುಲ್ಲಿನ ಮೇಲೆ ಓಡಿದರು. ಎಲ್ಲರೂ ಇಳಿದರು. ಮೇಷ್ಟ್ರು ಮುಖ ಆಚೆ ತಿರುಗಿಸಿ ಮೂಗು ಒರೆಸಿಕೊಂಡರು. ಅವಳು ಕುರ್ಚಿಯಲ್ಲಿ ಕೂತು ತನ್ನ ಹೆಬ್ಬೆರಳನ್ನು ನೋಡಿಕೊಂಡಳು, ಅದರ ಮೇಲೆ ಗುಂಡಿಯ ದುಂಡನೆಯ ಗುರುತು ಬಿದ್ದಿತ್ತು.

ಪೈಲಟ್ಟು ಮೇಲಕ್ಕೇ ಬಂದ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ನಿಂತ ಕುಳ್ಳನೆಯ ಮನುಷ್ಯ, ಅಂಗಿಯ ತುಂಬ ನೊರೆಯ ಕಲೆ, ಕೆನ್ನೆಯಲ್ಲಿ ಪೆಪ್ಪರ್‌ಮಿಂಟು. ತಂತಿಯೂ ಯಂತ್ರವೂ ಇಲ್ಲದೆ ಅವನ ದನಿ ಬ್ಯಾಂಕಿನಲ್ಲಿ ಮುಂದಿನವರು ಬನ್ನಿ ಎನ್ನುವವರ ದನಿಯ ಹಾಗಿತ್ತು.

"ನೀವೇನಾ?" ಎಂದ. "ನಿಮ್ಮ ದನಿ ಕೇಳಿ ತುಂಬಾ ಎತ್ತರ ಇರ್ತೀರಿ ಅಂದ್ಕೊಂಡಿದ್ದೆ."

"ನಾನೂ ಅಷ್ಟೇ" ಎಂದುಬಿಟ್ಟಳು. ಇಬ್ಬರೂ ನಕ್ಕರು. ನಗು ಬೇಗ ಮುಗಿಯಿತು.

"ಕೆಳಗೆ ಹಾದುಹೋದಾಗ ನೀವು ಏನೋ ಅಂದ್ರಿ ಅಂತ ಬೆಂಕಿ ಗಾಡಿಯವರು ಹೇಳಿದ್ರು. ನಾನು ಮಾತಾಡ್ತಿದ್ದೆ, ನನಗೆ ಕೇಳಿಸಲೇ ಇಲ್ಲ. ಏನಂದ್ರಿ?"

"ಏನಿಲ್ಲ" ಎಂದಳು. ಅದು ನಿಜವೂ ಆಗಿತ್ತು, ಅವನಿಗೆ ಅಂದದ್ದು ಏನೂ ಇರಲಿಲ್ಲ. ಅವನು ಕೈಮುಗಿದು, ಹೆಂಡತಿಗೆ ಫೋನು ಮಾಡಬೇಕೆಂದು ಹೇಳಿ ಹೋದ. ಮೇಷ್ಟ್ರು ಅವಳ ಜಾಗದಲ್ಲಿ ಕೂತು ಹೆಡ್‌ಫೋನು ಹಾಕಿಕೊಂಡರು. "ಮನೆಗೆ ಹೋಗು ಮಗಳೇ. ಟೇಪಿನ ವಿಷಯ ನಾಳೆಗಿರಲಿ. ಬೈಸಿಕೊಳ್ಳೋದಿದ್ರೆ ಇಬ್ಬರೂ ಬೈಸಿಕೊಳ್ಳೋಣ."

ಮನೆಯ ಮೆಟ್ಟಿಲು ಹತ್ತುವಾಗ ಕೆಳಗಿನ ಮನೆಯ ಬಾಗಿಲು ಹಾಕಿತ್ತು. ನಡುವಿನ ತಿರುವಿಗೆ ಬಂದವಳು ನಿಂತಳು. ತನ್ನ ಮನೆಯಿಂದ ದನಿ ಬರುತ್ತಿತ್ತು. ಹೆಂಗಸಿನದಲ್ಲ, ಗಂಡಸಿನದು, ಮುದಿಯಾದದ್ದು, ಗುರುತಿನದು. "ಓಡುದಾರಿ ಇನ್ನೂ ಮುಚ್ಚಿದೆ. ತಿಳಿಯಿತೇ? ಮತ್ತೊಮ್ಮೆ ಹೇಳಿ" ಎನ್ನುತ್ತಿದ್ದರು ಮೇಷ್ಟ್ರು, ಅವಳ ಮನೆಯೊಳಗಿನಿಂದ. ಕೆಳಗಿನ ಮನೆಯಾಕೆ ಹೇಳಿದ್ದು ನೆನಪಾಯಿತು. ಒಂದು ಮಾತು ಆಡುತ್ತಾಳೆ, ಸುಮ್ಮನಾಗುತ್ತಾಳೆ, ಮಧ್ಯೆ ಏನೋ ಗೊರಗೊರ ಅನ್ನುತ್ತದೆ, ಮತ್ತೆ ಮಾತಾಡುತ್ತಾಳೆ. ತಾಳ್ಮೆಯಿರುವ ಹೆಂಗಸು. ಅವಳು ಬೆಳಿಗ್ಗೆಯಿಂದ ಹೊಟ್ಟೆಕಿಚ್ಚು ಪಟ್ಟದ್ದು ತನ್ನ ಮೇಲೆಯೇ.

ಬಾಗಿಲು ತೆರೆದೇ ಇತ್ತು. ಅವನು ಬೆನ್ನು ಹಾಕಿ ಮೇಜಿಗೆ ಕೂತಿದ್ದ, ಎದುರಿಗೆ ಟವರಿನ ಮಾತು ಹಿಡಿಯುವಂತೆ ಮಾಡಿಕೊಂಡ, ಹೊಟ್ಟೆ ಬಿಚ್ಚಿಟ್ಟ ಹಳೆಯ ಸೆಟ್ಟು, ಅದರ ಸಣ್ಣ ದೀಪ ಉರಿಯುತ್ತಿತ್ತು. ದಿನಾ ಅವಳ ಹೆಜ್ಜೆ ಕೇಳಿದ ಕೂಡಲೇ ಆರಿಸುತ್ತಿದ್ದನೇನೋ. ಇವತ್ತೂ ಕೈ ಹೋಯಿತು, ಅರ್ಧಕ್ಕೆ ನಿಂತಿತು, ವಾಪಸ್ಸು ಬಂತು. ಅವನು ತಿರುಗಲಿಲ್ಲ. ಹೊಸ್ತಿಲಲ್ಲಿ ನಿಂತವಳಿಗೆ ಅವನು ಕೇಳಿರಬಹುದಾದದ್ದೆಲ್ಲ ಒಂದೊಂದಾಗಿ ಕೇಳತೊಡಗಿತು: ಅಷ್ಟೂ ಬೆಳಗಾಯ್ತಾಗಳು, ಅಷ್ಟೂ ಆಯ್ತುಗಳು, ಆ ಆಯ್ತುಗಳಲ್ಲಿದ್ದ ಮೆತ್ತಗಿನ ದನಿ. ಮನೆಯಲ್ಲಿ ಅವನಿಗೆ ಸಿಗದ ದನಿಯನ್ನು ಅವನು ಗಾಳಿಯಿಂದ ಹಿಡಿದುಕೊಂಡಿದ್ದ, ಇನ್ನೊಬ್ಬನಿಗೆ ಹೇಳಿದ್ದನ್ನು. ಇವತ್ತಿನ ಹೋಗಬೇಡಿಯನ್ನೂ. ಅವಳಿಗೆ ಅಳು ಬರಬೇಕಿತ್ತು, ಬರಲಿಲ್ಲ. ವಿವರಿಸಲು ಬಾಯಿ ತೆರೆದರೆ ಬಂದದ್ದು ಕಸುಬಿನ ಮಾತು.

"ನನ್ನ ದನಿ ಹೇಗೆ ಕೇಳಿಸ್ತಿದೆ?"

ಅವನು ಸ್ಕ್ರೂಡ್ರೈವರ್ ಎತ್ತಿಕೊಂಡ. ಒಂದು. ಎರಡು. ಮೂರು. ಕೈ ನಿಂತಿತು.

ಮೂರು. ಕಷ್ಟಪಟ್ಟು ಕೇಳಿದರೆ ತಿಳಿಯುತ್ತದೆ. ಸುಳ್ಳು ಅವನಿಗೆ ಯಾವತ್ತೂ ಬರುತ್ತಿರಲಿಲ್ಲ. ಸತ್ತ ಸೆಟ್ಟನ್ನು ಸತ್ತಿದೆ ಎಂದೇ ಗಿರಾಕಿಯ ಮುಖಕ್ಕೆ ಹೇಳುತ್ತಿದ್ದ. ಸತ್ತಿದೆ ಎಂದು ಅವನು ಈಗ ಹೇಳಲಿಲ್ಲವಲ್ಲ ಎಂಬ ಒಂದೇ ಎಳೆ ಹಿಡಿದು ಅವಳು ಒಳಗೆ ಬಂದು ಅವನೆದುರು ನಿಂತಳು.

"ಆಪರೇಷನ್‌ಗೆ ಕರ್ಕೊಂಡು ಹೋಗೋವಾಗ ನೀವೇನೋ ಹೇಳಿದ್ರಿ. ನಾನು ತಲೆ ಆಡಿಸ್ದೆ. ನನಗೆ ಕೇಳಿಸಿರಲಿಲ್ಲ ಕಣ್ರೀ. ಆ ನರ್ಸು ಮಾತಾಡ್ತಿದ್ಲು. ಕೇಳಿಸಿತು ಅಂತ ಸುಳ್ಳು ಹೇಳಿದೆ. ಇಷ್ಟು ದಿನವೂ ಸುಳ್ಳೇ ಹೇಳಿದೆ. ಮತ್ತೊಮ್ಮೆ ಹೇಳಿ."

ಅವನು ಅವಳನ್ನು ನೋಡಿದ, ಹೊಸ ಬೀಗದ ಕೈ ಕಂಡ ದಿನ ನೋಡಿದ ಹಾಗೆ. ಆಮೇಲೆ ತುಟಿಗಳು ಅಲುಗಿದವು. ಅವಳಿಗೆ ತಿಳಿಯಲಿಲ್ಲ. "ಮತ್ತೊಮ್ಮೆ." ಅಲುಗಿದವು. "ಇನ್ನೂ ನಿಧಾನವಾಗಿ." ಅವನು ತಲೆ ಕೊಡವಿ ಎದ್ದ, ಕುರ್ಚಿ ಎಳೆದು ಹತ್ತಿ ಬೀರುವಿನ ಮೇಲಿಂದ ಆಸ್ಪತ್ರೆಯ ಚೀಲವನ್ನು ಇಳಿಸಿದ, ಹಲ್ಲಿನಿಂದ ಗಂಟು ಬಿಚ್ಚಿದ. ಮುದ್ದೆಯಾಗಿದ್ದ ಪ್ಯಾಂಟನ್ನು ಕೊಡವಿ, ಬಲಗಡೆಯ ಜೇಬಿಗೆ ಕೈಹಾಕಿ, ಅಂಗಡಿಯ ಹಳೆಯ ಬೀಗದ ಕೈ ತೆಗೆದು ಅವಳ ಅಂಗೈ ಮೇಲಿಟ್ಟ. ಮತ್ತೆ ತುಟಿಗಳನ್ನು ಅಲುಗಿಸಿದ. ಈಗ ತಿಳಿಯಿತು. ಬೀಗದ ಕೈ ಬಲಗಡೆ ಜೇಬಲ್ಲಿದೆ ಕಣೇ.

ಅವನ ಹೆಗಲುಗಳು ಅದುರತೊಡಗಿದವು, ಕೊರಳಿನ ಬಿಳಿ ಬಟ್ಟೆ ಉಬ್ಬಿ ಇಳಿಯಿತು. ಅಳುತ್ತಿದ್ದಾನೆಂದು ಹೆದರಿ ನೋಡಿದರೆ ನಗುತ್ತಿದ್ದ, ಕಣ್ಣಲ್ಲಿ ನೀರು ಬರುವ ಹಾಗೆ, ಗಾಳಿಯ ಸದ್ದು ಬಿಟ್ಟು ಬೇರೇನೂ ಇಲ್ಲದೆ. ಹೇಳಿದ್ದರೂ ಬೀಗ ಒಡೆಸಿದಳಲ್ಲ, ನಾನು ಇನ್ನು ಅಂಗಡಿ ತೆರೆಯುವುದು ಇವಳಿಗೆ ಬೇಡವಾಗಿದೆ ಎಂದು ಅವನು ಇಷ್ಟು ದಿನ ನಂಬಿ ಕೂತಿದ್ದ. ಅದನ್ನು ಬೀಗದ ಕೈಯನ್ನೂ ಅವಳನ್ನೂ ತೋರಿಸಿ, ಕೈ ಬೀಸಿ ಹೇಳಿದ. ಅವಳೂ ನಕ್ಕಳು. ನಗುತ್ತಲೇ ಅಳು ಬಂದುಬಿಟ್ಟಿತು. ಹೆದರಬೇಡ ಎಂದಿರಲಿಲ್ಲ, ನೀನಿದ್ದೀಯಲ್ಲ ಎಂದಿರಲಿಲ್ಲ, ಅವಳು ತುಂಬಿಕೊಂಡಿದ್ದ ಯಾವ ಮಾತೂ ಆಗಿರಲಿಲ್ಲ. ಆದರೆ ಬೀಗದ ಕೈ ಬಲಗಡೆ ಜೇಬಲ್ಲಿದೆ ಕಣೇ ಎಂಬುದನ್ನು ಆ ದನಿಯಲ್ಲಿ, ಕೊನೆಯ ಅಕ್ಷರ ಎಳೆದು ಹೇಳುವುದನ್ನು ಒಂದೇ ಒಂದು ಸಲ ಕೇಳಬೇಕೆಂದು ಆ ಗಳಿಗೆಯಲ್ಲಿ ಆಸೆಪಟ್ಟಷ್ಟು ಅವಳು ಜೀವನದಲ್ಲಿ ಬೇರೇನಕ್ಕೂ ಆಸೆಪಟ್ಟಿರಲಿಲ್ಲ. ಸೆಟ್ಟಿನಲ್ಲಿ ಮೇಷ್ಟ್ರು ಯಾರಿಗೋ ಗಾಳಿಯ ಲೆಕ್ಕ ಹೇಳುತ್ತಿದ್ದರು. ಅವಳು ಕೈಚಾಚಿ ಅದನ್ನು ಆರಿಸಿದಳು.

"ಈಗ?" ಎಂದಳು, ಮೇಜಿನ ಮೂಲೆಗೆ ಕೂತು. "ಈಗ ಹೇಗೆ ಕೇಳಿಸ್ತಿದೆ?"

ಅವನು ಕಣ್ಣೊರೆಸಿಕೊಂಡು ಸ್ಕ್ರೂಡ್ರೈವರ್ ಹಿಡಿದ. ಒಂದು. ಎರಡು. ಮೂರು. ತಡೆದು, ನಾಲ್ಕು. ಹಿಡಿ ಮತ್ತೆ ಮೇಲೆದ್ದು ಗಾಳಿಯಲ್ಲಿ ನಿಂತಿತು. ಅವಳ ಹೆಬ್ಬೆರಳು ಅಂಗೈಯಲ್ಲಿದ್ದ ಬೀಗದ ಕೈಯನ್ನು ಒತ್ತಿ ಹಿಡಿದಿತ್ತು, ಬಿಳಿಚುವಷ್ಟು ಬಲವಾಗಿ. ಅವಳು ಆ ಬೆರಳನ್ನು ಮೆಲ್ಲಗೆ ಎತ್ತಿ, ಕಾದಳು.